ಎಮ್ಮೆ ತಲೆಯಾಡಿಸಿದ ಭಾನುವಾರ

ಎಮ್ಮೆಯ ತಲೆಯೊಳಗಿನ ಸೆಖೆಯನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸಲು ಆಗುವುದಿಲ್ಲ. ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ. ಬಿದಿರಿನ ಚೌಕಟ್ಟು, ಅದರ ಮೇಲೆ ದಪ್ಪ ಫೋಮು, ಅದರ ಮೇಲೆ ಕಪ್ಪು ಮಖಮಲ್ಲು, ಎರಡು ಕಡೆಗೂ ಬಾಗಿದ ಕೊಂಬು. ಏಪ್ರಿಲ್ ತಿಂಗಳಲ್ಲಿ, ಎಸಿ ಕೆಟ್ಟುಹೋದ ಸಭಾಂಗಣದಲ್ಲಿ ಅದನ್ನು ಹೊತ್ತುಕೊಂಡು ಹಾಡಬೇಕು, ಕುಣಿಯಬೇಕು, ಕೆರೆ ಕಳೆದುಕೊಂಡ ದುಃಖಕ್ಕೆ ಅಳಬೇಕು. ಅಳುವುದೇನೋ ಸುಲಭ. ಬೆವರು ಕಣ್ಣಿಗೆ ಇಳಿದರೆ ಒರೆಸಿಕೊಳ್ಳಲು ಕೈ ಒಳಗೆ ಹೋಗುವುದಿಲ್ಲವಾದ್ದರಿಂದ ಎರಡನೇ ಹಾಡಿನ ಹೊತ್ತಿಗೆ ಕಣ್ಣು ಹೇಗೂ ಉರಿಯುತ್ತಿರುತ್ತದೆ.

ನಮ್ಮದು ಮನೆಮಂದಿಯೆಲ್ಲ ಕೂತು ನೋಡುವ ಸಂಗೀತ ನಾಟಕ. ಪಾತ್ರಗಳೆಲ್ಲ ಪ್ರಾಣಿಗಳು. ಊರ ಹೊರಗಿನ ಕೆರೆಯನ್ನು ಮುಚ್ಚಿ ಸೈಟು ಮಾಡುತ್ತಾರೆ, ಅಲ್ಲಿದ್ದ ಎಮ್ಮೆ, ಮೇಕೆ, ಕತ್ತೆ, ಕೋಳಿ ಎಲ್ಲ ಸೇರಿ ನೀರು ಹುಡುಕಿಕೊಂಡು ಸಿಟಿಗೆ ಹೊರಡುತ್ತವೆ. ಬೇಸಿಗೆ ರಜೆಯಲ್ಲಿ ಶನಿವಾರ, ಭಾನುವಾರ ಆಟ. ನಿರ್ದೇಶಕ ನನಗಿಂತ ಚಿಕ್ಕವನು, ಒಳ್ಳೆಯ ಹುಡುಗನೇ, ಆದರೆ ಬಾಯಿ ತೆರೆದರೆ "ಎನರ್ಜಿ ಬೇಕು ಅಕ್ಕ, ಎನರ್ಜಿ" ಎನ್ನುತ್ತಾನೆ. ನಲವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸಿನ ಕುತ್ತಿಗೆಯ ಮೇಲೆ ಕೊಂಬು ಹೇರಿ ಎನರ್ಜಿ ಕೇಳುವವನಿಗೆ ಏನು ಹೇಳುವುದು? "ತರಿಸ್ಕೊಡಪ್ಪ, ದೇವರಾಜ ಮಾರ್ಕೆಟ್ಟಲ್ಲಿ ಸಿಕ್ಕೀತು, ಅಲ್ಲಿ ಸಿಗದೇ ಇರೋದು ಏನೂ ಇಲ್ಲ," ಎಂದೆ ಒಂದು ಸಲ. ಅವನು ನಕ್ಕು ಮುಂದಕ್ಕೆ ಹೋದ.

ತಾಲೀಮು ಶುರುವಾದ ವಾರದಲ್ಲೇ ನಮ್ಮ ಹೆಸರುಗಳು ಉದುರಿಹೋಗಿ ಪ್ರಾಣಿಗಳ ಹೆಸರೇ ಉಳಿದವು. "ಕತ್ತೆ ಎಲ್ಲಿ? ಇನ್ನೂ ಬಸ್ಸಲ್ಲೇ ಇದ್ಯಾ?" "ಕೋಳಿಗೆ ಗಂಟಲು ಕಟ್ಟಿದೆಯಂತೆ." ಟೀ ತರುವವನಂತೂ ಬಾಗಿಲಲ್ಲೇ ನಿಂತು "ಎಮ್ಮೆಗೆ ಸಕ್ಕರೆ ಕಮ್ಮಿ ಅಲ್ವ್ರಾ?" ಎಂದು ಕೂಗುತ್ತಾನೆ. ಮೊದಮೊದಲು ನಗು ಬರುತ್ತಿತ್ತು. ಈಗ ಯಾರಾದರೂ ಬೀದಿಯಲ್ಲಿ ನನ್ನ ನಿಜವಾದ ಹೆಸರು ಕೂಗಿದರೆ ಅರೆಗಳಿಗೆ ತಡವಾಗಿ ತಿರುಗುತ್ತೇನೆ. ಬೆಳಿಗ್ಗೆ ಎದ್ದಾಗ ಕುತ್ತಿಗೆ ಒಂದು ಕಡೆಗೇ ತಿರುಗುತ್ತದೆ. ಈ ಬೇಸಿಗೆ ಮುಗಿದರೆ ಸಾಕಪ್ಪ, ಇನ್ನು ಬೇಡ ಎಂದು ಮನಸ್ಸಿನಲ್ಲಿ ತೀರ್ಮಾನಿಸಿಕೊಂಡಿದ್ದೆ. ಹೀಗೆ ತೀರ್ಮಾನಿಸಿಕೊಂಡದ್ದು ಅದೇ ಮೊದಲೇನಲ್ಲ.

ನನಗೆ ಎಮ್ಮೆಯ ಪಾತ್ರ ಕೊಟ್ಟಾಗ ಉಳಿದವರೆಲ್ಲ ಪಾಪ ಎಂದರು. ನನಗೇನೂ ಬೇಜಾರಾಗಲಿಲ್ಲ. ಎಮ್ಮೆಗಳ ನಡುವೆಯೇ ಬೆಳೆದವಳು ನಾನು. ನಮ್ಮಪ್ಪ ಇಲವಾಲದಲ್ಲಿ ಎಮ್ಮೆ ಸಾಕಿ, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮೈಸೂರಿನ ಮನೆಮನೆಗೆ ಹಾಲು ಹಾಕಿದವನು. ಹೆಂಡತಿ ಮಕ್ಕಳ ಜೊತೆ ಅವನ ಮಾತು ಬಹಳ ಕಮ್ಮಿ. ಎಮ್ಮೆಗಳ ಜೊತೆ ಮಾತ್ರ ಯಥೇಚ್ಛ. ಕೊಟ್ಟಿಗೆಗೆ ಹೋದರೆ ಎಮ್ಮೆಯ ಗದ್ದದ ಕೆಳಗೆ ಸವರುತ್ತಾ, ಹಣೆಗೆ ಹಣೆ ತಾಗಿಸಿಕೊಂಡು, ಮಳೆಯ ವಿಷಯ, ಹಾಲಿಗೆ ನೀರು ಬೆರೆಸುತ್ತೀಯ ಎಂದ ಮೇಷ್ಟರ ಮನೆಯವರ ವಿಷಯ, ಅಣ್ಣ ಫೇಲಾದ ವಿಷಯ ಎಲ್ಲ ಹೇಳಿಕೊಳ್ಳುತ್ತಿದ್ದ. ಅಪ್ಪನಿಗೆ ನಮ್ಮ ಮೇಲೆ ಕೋಪ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅಣ್ಣನೂ ನಾನೂ ಕೊಟ್ಟಿಗೆಯ ಗೋಡೆಗೆ ಕಿವಿ ಇಟ್ಟು ನಿಲ್ಲುತ್ತಿದ್ದೆವು.

ನಾನು ನಾಟಕಕ್ಕೆ ಸೇರಿದಾಗ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಬೇಡವೆನ್ನಲೂ ಇಲ್ಲ. ಆ ವಿಷಯವನ್ನೇ ಎತ್ತಲಿಲ್ಲ. ನೆಂಟರು ಕೇಳಿದರೆ "ಸಿಟೀಲಿ ಏನೋ ಕೆಲಸ ಮಾಡ್ತಾಳೆ" ಎನ್ನುತ್ತಿದ್ದನಂತೆ. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನ್ನ ಸಂಕಟ ಬೇರೆ. ನಾನು ಸ್ಟೇಜಿನ ಮೇಲೆ ಹಾಡುವುದನ್ನು ಒಂದು ಸಲ ನೋಡಬೇಕು ಎಂದು ಅವ್ವನಿಗೆ ಆಸೆಯಿತ್ತು. ಅಣ್ಣ ಕರೆದುಕೊಂಡು ಬರುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ನಿಮ್ಮಪ್ಪನೂ ನಾನೂ ಇಬ್ರೂ ಒಟ್ಗೇ ಬತ್ತೀವಿ ಕಣವ್ವ, ನಿಂಗೂ ಅದೇ ಚೆಂದ," ಎನ್ನುತ್ತಿದ್ದಳು. ಇಲವಾಲ ಏನು ದಿಲ್ಲಿಯೇ? ಬಸ್ಸು ಹತ್ತಿದರೆ ಅರ್ಧ ಗಂಟೆಗೆ ಸಿಟಿ. ವರ್ಷಗಟ್ಟಲೆ ಬತ್ತೀವಿ ಬತ್ತೀವಿ ಎಂದಳು. ಅಪ್ಪ ಕರೆದುಕೊಂಡು ಬರಲಿಲ್ಲ. ಅವ್ವ ತೀರಿಕೊಂಡಳು.

ಆ ಕೋಪ ನನ್ನೊಳಗೆ ಹಾಗೇ ಉಳಿಯಿತು. ಜಗಳವಾಡಿ ಮುಗಿಸಿಬಿಡಬಹುದಿತ್ತು, ಆದರೆ ಜಗಳವಾಡಲು ಆ ಕಡೆಯಿಂದಲೂ ಮಾತು ಬರಬೇಕಲ್ಲ! ಅಣ್ಣ ಅತ್ತಿಗೆಯ ಮನೆಯಲ್ಲಿ ಅಪ್ಪ ಇದ್ದಾನೆ, ಚೆನ್ನಾಗಿ ನೋಡಿಕೊಳ್ಳುತ್ತಾರೆ. ನಾನು ಹಬ್ಬಕ್ಕೆ ಹೋಗುತ್ತೇನೆ. "ಉಂಡ್ಯಾ?" ಎನ್ನುತ್ತಾನೆ. "ಉಂಡೆ" ಎನ್ನುತ್ತೇನೆ. ನಮ್ಮಿಬ್ಬರ ಮಾತುಕತೆ ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ಪ್ರತಿ ಸಲವೂ ನನಗೆ ನನ್ನ ಮೇಲೇ ರೇಗುತ್ತಿತ್ತು. ಅವನಿಗೆ ವಯಸ್ಸಾಗುತ್ತಿದೆ, ನನ್ನೊಳಗೆ ಈ ಕೋಪ ಇರುವಾಗಲೇ ಅವನೂ ಹೋಗಿಬಿಟ್ಟರೆ ನಾನು ಯಾರನ್ನು ಕೇಳಲಿ ಎಂಬ ಭಯ ಬೇರೆ.

ಈಗ ನಮ್ಮ ತಂಡದ ಒಂದು ಪದ್ಧತಿಯನ್ನು ಹೇಳಬೇಕು. ಆಟ ಮುಗಿದ ಮೇಲೆ ಪ್ರಾಣಿಗಳೆಲ್ಲ ಸಭಾಂಗಣದ ವರಾಂಡದಲ್ಲಿ ಸಾಲಾಗಿ ನಿಂತು ಮಕ್ಕಳನ್ನು ಬೀಳ್ಕೊಡಬೇಕು. ಮಕ್ಕಳು ಬಂದು ಮುಟ್ಟುತ್ತವೆ, ಕೊಂಬು ಎಳೆಯುತ್ತವೆ, ಫೋಟೋ ತೆಗೆಸಿಕೊಳ್ಳುತ್ತವೆ. ಕೊನೆಯ ಮಗು ಗೇಟು ದಾಟುವ ತನಕ ಯಾರೂ ತಲೆ ತೆಗೆಯುವಂತಿಲ್ಲ, ಒಂದು ಮಾತೂ ಆಡುವಂತಿಲ್ಲ. ಹಿಂದೊಮ್ಮೆ ಕತ್ತೆ ಸೆಖೆ ತಡೆಯಲಾರದೆ ತಲೆ ಕಳಚಿ, ಒಳಗಿನಿಂದ ಮೀಸೆಯ ಗಂಡಸು ಹೊರಬಂದದ್ದನ್ನು ನೋಡಿ ಒಂದು ಮಗು ಕಿರುಚಿಕೊಂಡು ಜ್ವರ ಹಿಡಿದು ಮಲಗಿತಂತೆ. ಅಂದಿನಿಂದ ಈ ಕಟ್ಟುನಿಟ್ಟು. ಮಕ್ಕಳು ಏನು ಕೇಳಿದರೂ ತಲೆಯಾಡಿಸಬೇಕು. ಮೇಕೆ, ಕೋಳಿ ಬೇಕಾದರೆ ಅಡ್ಡಡ್ಡ ಆಡಿಸಬಹುದು. ಎಮ್ಮೆ ಹಾಗೆ ಮಾಡಿದರೆ ಕೊಂಬು ಪಕ್ಕದವರ ಮೂಗಿಗೆ ತಗಲುತ್ತದೆ. ಹಾಗಾಗಿ ಎಮ್ಮೆ ಮೇಲೆ ಕೆಳಗೆ ಮಾತ್ರ. "ನಾಳೆ ನಮ್ಮನೆಗೆ ಬರ್ತೀಯಾ?" ಹೂಂ. "ನನ್ನ ತಿಂದ್ಬಿಡ್ತೀಯಾ?" ಅದಕ್ಕೂ ಹೂಂ.

ಎರಡು ಗಂಟೆ ಆ ತಲೆ ಹೊತ್ತ ಮೇಲೆ ಮತ್ತೆ ಅರ್ಧ ಗಂಟೆ ವರಾಂಡದಲ್ಲಿ ನಿಲ್ಲಲು ನನ್ನ ಕುತ್ತಿಗೆ ಒಪ್ಪುತ್ತಿರಲಿಲ್ಲ. ಅದಕ್ಕೆ ಮೇಕೆಯೂ ನಾನೂ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಮೇಕೆ ಎಂದರೆ ಮೇಟಗಳ್ಳಿಯ ಹುಡುಗಿ, ವಾರವೆಲ್ಲ ಅಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ವಾರದ ಕೊನೆಗೆ ನಾಟಕ. ಅವಳ ಎತ್ತರವೂ ನನ್ನಷ್ಟೇ. ಪರದೆ ಬಿದ್ದ ತಕ್ಷಣ ಸೈಡ್ ವಿಂಗಿನಲ್ಲಿ ಇಬ್ಬರೂ ತಲೆ, ನಿಲುವಂಗಿ ಬದಲಾಯಿಸಿಕೊಳ್ಳುತ್ತಿದ್ದೆವು. ಅವಳು ಎಮ್ಮೆಯಾಗಿ ನಿಲ್ಲುತ್ತಿದ್ದಳು, ನಾನು ಹಗುರವಾದ ಮೇಕೆಯ ತಲೆ ಹಾಕಿಕೊಂಡು ಪಕ್ಕದಲ್ಲಿ. ಕೈಗೆ ಗೊರಸಿನ ಚೀಲವಿರುವುದರಿಂದ ಬೆರಳೂ ಕಾಣುವುದಿಲ್ಲ. ನಿರ್ದೇಶಕನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಇರುತ್ತಿದ್ದ.

ಆ ಭಾನುವಾರ ಮಧ್ಯಾಹ್ನದ ಆಟಕ್ಕೆ ಅತ್ತಿಗೆ ಬರುತ್ತಾಳೆಂದು ಗೊತ್ತಿತ್ತು. ಅಣ್ಣನ ಮೊಮ್ಮಗಳು, ಇನ್ನೂ ಸ್ಕೂಲಿಗೆ ಸೇರದ ಪುಟಾಣಿ, "ಅಜ್ಜಿ ಎಮ್ಮೆ ಆಗ್ತಾರಂತೆ" ಎಂದು ಹಟ ಹಿಡಿದಿದ್ದಳು. "ಅಪ್ಪ?" ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅತ್ತಿಗೆ "ಅವರೆಲ್ಲಿ ಬತ್ತಾರೆ ಬುಡು" ಎಂದಿದ್ದಳು. ನಾನೂ ಬಿಟ್ಟೆ. ಎಮ್ಮೆಯ ತಲೆಯಲ್ಲಿ ನೋಡುವ ತೂತು ಇರುವುದು ಮೂಗಿನ ಹೊಳ್ಳೆಯಲ್ಲಿ. ಅದರಿಂದ ಸ್ಟೇಜಿನ ಹಲಗೆ ಕಾಣುತ್ತದೆ, ನಮ್ಮವರ ಕಾಲು ಕಾಣುತ್ತದೆ, ಪ್ರೇಕ್ಷಕರು ಕಾಣುವುದಿಲ್ಲ. ಕೇಳಿಸುವುದೂ ಅಷ್ಟಕ್ಕಷ್ಟೇ. ಫೋಮು ಎಲ್ಲ ಸದ್ದನ್ನೂ ನುಂಗುತ್ತದೆ. ಡೋಲಕ್ಕಿನ ಪೆಟ್ಟು ಹಲಗೆಯಿಂದ ಅಂಗಾಲಿಗೆ ಬರುತ್ತದೆ, ಅದನ್ನು ಹಿಡಿದುಕೊಂಡೇ ಹಾಡಬೇಕು. ಆ ದಿನ ಎಮ್ಮೆಯ ಕೆರೆಯ ಹಾಡನ್ನು ನಾನು ಚೆನ್ನಾಗಿಯೇನೂ ಹಾಡಲಿಲ್ಲ. ಕುತ್ತಿಗೆ ನೋಯುತ್ತಿತ್ತು, ಬೇಗ ಮುಗಿದರೆ ಸಾಕಿತ್ತು.

ಪರದೆ ಬಿತ್ತು, ತಲೆ ಬದಲಾಯಿಸಿಕೊಂಡೆವು, ವರಾಂಡದಲ್ಲಿ ನಿಂತೆವು. ಮೇಕೆಯ ತಲೆಯಲ್ಲಿ ಕಣ್ಣಿನ ತೂತು ಕಣ್ಣಿನ ಜಾಗದಲ್ಲೇ ಇದೆ, ಎಲ್ಲ ಕಾಣುತ್ತದೆ. ಮಕ್ಕಳ ಸಾಲು ಬಂತು. ಸಾಲಿನ ನಡುವೆ ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ ಕಾಣಿಸಿತು. ಅಪ್ಪ! ಒಂದು ಕೈಯಲ್ಲಿ ಮರಿಮಗಳ ಕೈ, ಹಿಂದೆ ಅತ್ತಿಗೆ. ಬಂದನೇ? ನಿಜವಾಗಿಯೂ ಬಂದನೇ? ಅಷ್ಟು ಹೊತ್ತು ಕೂತು ನೋಡಿದನೇ? ಇನ್ನೂ ಸ್ವಲ್ಪ ಚೆನ್ನಾಗಿ ಹಾಡಬಾರದಿತ್ತೇ ನಾನು, ಹಾಳಾದವಳು!

ಅಪ್ಪ ನೇರವಾಗಿ ಎಮ್ಮೆಯ ಮುಂದೆ ಹೋಗಿ ನಿಂತ. ಮಗುವಿನ ಕೈ ಬಿಟ್ಟ. ಮಗು ನನ್ನ ಹತ್ತಿರ ಬಂದು ಮೇಕೆಯ ಗಡ್ಡ ಹಿಡಿದುಕೊಂಡಿತು. ಅಪ್ಪ ಎರಡೂ ಕೈ ಎತ್ತಿ ಎಮ್ಮೆಯ ಮುಖ ಹಿಡಿದ, ಗದ್ದದ ಕೆಳಗೆ ಸವರಿದ, ಆಮೇಲೆ ಹಣೆಗೆ ಹಣೆ ಹಚ್ಚಿ ಏನೋ ಹೇಳತೊಡಗಿದ. ಸಾಲು ನಿಂತಿತು. ಯಾರೋ ತಾಯಿ "ಬೇಗ ಮುಗಿಸಿ ತಾತ, ಮಕ್ಕಳು ಕಾಯ್ತಿವೆ" ಎಂದಳು. ಅವನಿಗೆ ಕೇಳಿಸಲಿಲ್ಲ. ಅವನು ನನಗೇ ಹೇಳುತ್ತಿದ್ದಾನೆ ಎಂದು ನನಗೆ ಗೊತ್ತು. ಆದರೆ ನಾನು ಅಲ್ಲಿಲ್ಲ, ಇಲ್ಲಿದ್ದೇನೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಆ ಗದ್ದಲದಲ್ಲಿ ಅವನ ಒಂದು ಅಕ್ಷರವೂ ನನಗೆ ಕೇಳಿಸುತ್ತಿಲ್ಲ.

ತಲೆ ಕಳಚಿ "ಅಪ್ಪ, ನಾನು ಇಲ್ಲಿದ್ದೀನಿ" ಎಂದುಬಿಡಬಹುದಿತ್ತು. ಗಡ್ಡ ಹಿಡಿದುಕೊಂಡ ಮಗು ಹೆದರುತ್ತದೆ ಎನ್ನುವುದು ಒಂದು. ನಿಜ ಹೇಳಬೇಕೆಂದರೆ, ತಲೆ ಕಳಚಿದರೆ ಅವನು ಮಾತು ನಿಲ್ಲಿಸಿಬಿಡುತ್ತಾನೆ, ಮತ್ತೆ ಈ ಜನ್ಮದಲ್ಲಿ ಶುರು ಮಾಡುವುದಿಲ್ಲ ಎಂಬ ಭಯವೇ ದೊಡ್ಡದಾಗಿತ್ತು. ಹೇಳಲಿ, ಯಾರಿಗಾದರೂ ಹೇಳಲಿ, ಆಮೇಲೆ ಮೇಕೆ ಹುಡುಗಿಯನ್ನು ಕೇಳಿದರಾಯಿತು ಎಂದುಕೊಂಡೆ. ಅಪ್ಪ ಮಾತು ಮುಗಿಸಿ ಎಮ್ಮೆಯ ಮುಖವನ್ನೇ ನೋಡುತ್ತಾ ನಿಂತ. ಎಮ್ಮೆ ಮೇಲೆ ಕೆಳಗೆ ತಲೆಯಾಡಿಸಿತು. ಅಪ್ಪ ಕೈ ಇಳಿಸಿ, ಮಗುವನ್ನು ಕರೆದುಕೊಂಡು ಗೇಟಿನ ಕಡೆಗೆ ಹೋದ. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಕೊನೆಯ ಮಗು ಹೋದದ್ದೇ ಮೇಕೆ ಹುಡುಗಿಯ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದೆ.

"ಏನಂದ್ರು ಕಣೇ ಅವರು? ಆ ಪಂಚೆ ಉಟ್ಕೊಂಡಿದ್ದೋರು?"

"ಯಾರಕ್ಕ? ಓ, ಆ ತಾತನಾ? ಅಯ್ಯೋ, ಏನೂ ಕೇಳಿಸ್ಲಿಲ್ಲ ಅಕ್ಕ. ಅದರೊಳಗೆ ಎಂಗಿರುತ್ತೆ ಅಂತ ನಿಮಗೆ ಗೊತ್ತಿಲ್ವಾ? ಏನೋ ಗುಂಯ್ ಗುಂಯ್ ಅಂತಿತ್ತು ಅಷ್ಟೇ."

"ಒಂದು ಪದಾನೂ ಕೇಳಿಸ್ಲಿಲ್ವೇನೇ?"

"ಇಲ್ಲ ಕಣಕ್ಕ. ನಾನು ಮಾಮೂಲಿ ತರ ತಲೆ ಆಡಿಸ್ದೆ. ಯಾಕೆ, ಯಾರವರು?"

"ನಮ್ಮಪ್ಪ ಕಣೇ," ಎಂದೆ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅವಳದೇನೂ ತಪ್ಪಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ಅವಳ ಮೇಲೆ ರೇಗಿತು, ನಿರ್ದೇಶಕನ ಮೇಲೆ ರೇಗಿತು, ಸಭಾಂಗಣದ ಮೇಲೆ, ಏಪ್ರಿಲ್ ತಿಂಗಳ ಮೇಲೆ ಕೂಡ ರೇಗಿತು. ಸಂಜೆಯ ಆಟ ಇನ್ನೂ ಬಾಕಿಯಿತ್ತು. ಆಡಿದೆ. ಹೇಗೆ ಆಡಿದೆನೋ ದೇವರಿಗೇ ಗೊತ್ತು.

ಮಾರನೇ ಬೆಳಿಗ್ಗೆ ಕುತ್ತಿಗೆಗೆ ಮುಲಾಮು ಹಚ್ಚಿಕೊಂಡು ಕೂತಿದ್ದಾಗ ಅತ್ತಿಗೆಯ ಫೋನು ಬಂತು. ನಾಟಕ ಚೆನ್ನಾಗಿತ್ತು, ಮಗು ಮನೆಯಲ್ಲೆಲ್ಲ ಮೇಕೆ ಥರ ಕುಣಿಯುತ್ತಿದೆ ಎಂದೆಲ್ಲ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳ ದನಿಯೇ ಬೇರೆಯಾಗಿತ್ತು.

"ನೀನು ಮಾಡಿದ್ದು ಸರೀನಾ ಹೇಳು," ಎಂದಳು. "ಮಾವ ನೆನ್ನೆಯಿಂದ ಸರಿಯಾಗಿ ಒಂದು ತುತ್ತು ಉಂಡಿಲ್ಲ. ಅಷ್ಟು ವಯಸ್ಸಾದೋರು ತಾವಾಗೇ ಬಂದು ಕೇಳುದ್ರೆ, ಜನರ ಮುಂದೆ ಅಂಗೆ ತಲೆ ಆಡಿಸ್ಬುಡೋದಾ?"

"ಏನು ಕೇಳಿದ್ರು ಅತ್ತಿಗೆ?"

"ನಾಟಕ ಆಡ್ಬೇಡ ನನ್ನತ್ರ. ನಾನು ಹಿಂದೇನೇ ನಿಂತಿದ್ದೆ, ಎಲ್ಲ ಕೇಳಿಸ್ಕೊಂಡೆ. ಚೆನ್ನಾಗಿ ಹಾಡ್ದೆ ಕಣವ್ವ ಅಂದ್ರು. ನಿಮ್ಮವ್ವ ಇರ್ಬೇಕಿತ್ತು ಅಂದ್ರು. ನನ್ನ ಮೇಲೆ ಇನ್ನೂ ಕೋಪ ಐತಾ ಅಂತ ಕೇಳುದ್ರು. ನೀನು ಹೂಂ ಅಂತ ಇಷ್ಟುದ್ದ ತಲೆ ಆಡಿಸ್ದೆ!"

ಅಷ್ಟು ವರ್ಷಗಳಲ್ಲಿ ಅಪ್ಪ ಒಂದೇ ಒಂದು ಪ್ರಶ್ನೆ ಕೇಳಿದ್ದ, ಅದಕ್ಕೆ ಮೇಟಗಳ್ಳಿಯ ಹುಡುಗಿ ಉತ್ತರ ಕೊಟ್ಟುಬಿಟ್ಟಿದ್ದಳು. ಅತ್ತಿಗೆಗೆ ಎಲ್ಲ ಬಿಡಿಸಿ ಹೇಳುವಷ್ಟು ತ್ರಾಣ ಇರಲಿಲ್ಲ. "ಬರ್ತೀನಿ ಇರು," ಎಂದಷ್ಟೇ ಹೇಳಿ ಮುಖ ತೊಳೆದುಕೊಂಡು ಹೊರಟೆ. ಹುಣಸೂರು ರಸ್ತೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿಯಲು ಕತ್ತು ಬಿಡಲಿಲ್ಲ, ಸೀಟಿನ ಅಂಚು ಹಿಡಿದು ನಿಂತೆ. ಅದು ನಾನಲ್ಲ ಅಪ್ಪ, ನನಗೇನೂ ಕೋಪ ಇಲ್ಲ ಅಪ್ಪ, ಊಟ ಮಾಡು ಅಪ್ಪ ಎಂದು ಹೇಳಿಬಿಡುವುದು, ಅಷ್ಟೇ ತಾನೇ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಾಲೀಮು ಮಾಡಿದೆ.

ಈಗ ಇಲವಾಲದ ಮನೆಯಲ್ಲಿ ಎಮ್ಮೆಗಳಿಲ್ಲ. ಕೊಟ್ಟಿಗೆಯಿದ್ದ ಕಡೆ ಅಣ್ಣ ಅಂಗಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ಅಪ್ಪ ಮನೆಯ ಮುಂದಿನ ಜಗುಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

"ಉಂಡ್ಯಾ?" ಎಂದ.

"ನೀನು ಉಂಡಿಲ್ವಂತಲ್ಲ."

"ಹಸಿವಿಲ್ಲ ಬುಡು."

ನಾನು ಪಕ್ಕದಲ್ಲಿ ಕೂತೆ. ರಸ್ತೆಯ ಮೇಲೆ ಲಾರಿಗಳು ಹೋಗುತ್ತಿದ್ದವು. ಈಗ ಹೇಳದಿದ್ದರೆ ಇನ್ನು ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಅಪ್ಪ, ನೆನ್ನೆ ನೀನು ಮಾತಾಡಿಸಿದ್ಯಲ್ಲ ಎಮ್ಮೆ, ಅದು ನಾನಲ್ಲ."

ಅವನು ನನ್ನ ಕಡೆ ತಿರುಗಿದ. "ಮತ್ತೆ? ನೀನೇ ಅಲ್ವಾ ಎಮ್ಮೆ ಆಗಿದ್ದು?"

"ನಾಟಕದಲ್ಲಿ ನಾನೇ. ಹಾಡಿದ್ದೂ ನಾನೇ. ಆಮೇಲೆ ಹೊರಗಡೆ ನಿಂತ್ಕೊಳ್ಳೋವಾಗ ಬೇರೆ ಹುಡುಗಿಗೆ ಆ ತಲೆ ಕೊಟ್ಬುಡ್ತೀನಿ. ಕುತ್ತಿಗೆ ನೋಯುತ್ತೆ. ನಾನು ಪಕ್ಕದಲ್ಲಿ ಮೇಕೆ ಆಗಿ ನಿಂತಿದ್ದೆ. ಆ ಹುಡುಗಿಗೆ ಒಳಗೆ ಏನೂ ಕೇಳಿಸಲ್ಲ. ಯಾರು ಏನಂದ್ರೂ ತಲೆ ಆಡಿಸ್ತಾಳೆ."

ಅಪ್ಪನ ಮುಖದಲ್ಲಿ ನಾಚಿಕೆಯಂಥದ್ದೇನೋ ಬಂತು. "ಅಯ್ಯೋ ಶಿವನೇ," ಎಂದ. "ಯಾರದೋ ಮನೆ ಹೆಣ್ಮಗೂನ ಗದ್ದ ಹಿಡ್ಕೊಂಡು... ಏನಂದ್ಕೊಂಡ್ಳೋ ಏನೋ." ನನಗೆ ನಗು ಬಂತು. ಅವನಿಗೂ ಬಂದ ಹಾಗಿತ್ತು. ಇಬ್ಬರೂ ಅಷ್ಟು ಹತ್ತಿರ ಕೂತು ನಕ್ಕು ಎಷ್ಟು ಕಾಲವಾಗಿತ್ತೋ.

ನಗು ನಿಂತ ಮೇಲೆ ಅವನು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದ. "ಅಂಗಾದ್ರೆ ನೀನೇನಂತೀಯ?"

ಬಸ್ಸಿನಲ್ಲಿ ತಾಲೀಮು ಮಾಡಿಕೊಂಡು ಬಂದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಇಲ್ಲಪ್ಪ, ಏನೂ ಇಲ್ಲ, ಊಟ ಮಾಡು. ಹೇಳಿದ್ದರೆ ಅವನು ಎದ್ದು ಊಟಕ್ಕೆ ಕೂರುತ್ತಿದ್ದ, ನಾನು ಮುಂದಿನ ಬಸ್ಸು ಹತ್ತುತ್ತಿದ್ದೆ. ಆದರೆ ಅಷ್ಟು ದಣಿದಿದ್ದೆ ನಾನು. ಮೈ ದಣಿದಿತ್ತು, ಸುಮ್ಮನಿದ್ದೂ ಇದ್ದೂ ಮನಸ್ಸೂ ದಣಿದಿತ್ತು. ಇನ್ನೊಂದು ಪಾತ್ರ ಮಾಡುವ ಶಕ್ತಿ ಉಳಿದಿರಲಿಲ್ಲ.

"ಆ ಹುಡುಗಿ ಸರಿಯಾಗೇ ತಲೆ ಆಡಿಸಿದ್ದಾಳೆ ಅಪ್ಪ," ಎಂದೆ.

ಅವನು ತಲೆ ತಗ್ಗಿಸಿದ. ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಒಳಗೆ ಅತ್ತಿಗೆ ಪಾತ್ರೆ ಸದ್ದು ಮಾಡುವುದನ್ನು ನಿಲ್ಲಿಸಿದ್ದಳು.

"ನಿಮ್ಮವ್ವ ಪೆಟ್ಟಿಗೆಯಿಂದ ಒಳ್ಳೆ ಸೀರೆ ತೆಗೆದು ಮಂಚದ ಮೇಲೆ ಇಟ್ಕೊಂಡಿರೋಳು," ಎಂದ ಅಪ್ಪ. ದನಿ ಎಷ್ಟು ಮೆಲ್ಲಗಿತ್ತೆಂದರೆ ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ನೀನು ನಾಟಕ ಐತೆ ಅಂತ ಹೇಳಿಕಳಿಸ್ದಾಗೆಲ್ಲ. ಹೋಗಮಾ ಅನ್ನೋಳು. ಸಂಜೆ ಎಮ್ಮೆ ಕರೆಯೋರು ಯಾರು ಅನ್ನೋನು ನಾನು. ಆಯ್ತು ಬುಡಿ ಅಂತ ಮಡಿಸಿ ಒಳಗೆ ಇಟ್ಬುಡೋಳು. ಒಂದ್ ದಿನಾನೂ ಹಟ ಮಾಡ್ಲಿಲ್ಲ."

ಸೀರೆಯ ವಿಷಯ ನನಗೆ ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ.

ಅಪ್ಪ ತಲೆ ಎತ್ತಿ ನನ್ನ ಮುಖ ನೋಡಿದ.

"ಒಂದ್ ಹೊತ್ತು ಕರೀದೇ ಇದ್ದಿದ್ರೆ ಸತ್ತೋಗ್ತಿದ್ವೇನವ್ವ ಎಮ್ಮೆಗಳು?"

ಹಾಲಿನವನ ಮಗಳು ನಾನು, ಹೊತ್ತಿಗೆ ಕರೆಯದಿದ್ದರೆ ಕೆಚ್ಚಲು ಬಿಗಿದು ಎಮ್ಮೆ ಎಷ್ಟು ಒದ್ದಾಡುತ್ತದೆ ಎಂದು ನೋಡಿದವಳು. ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ನಾನು ಏನೆನ್ನುತ್ತೇನೋ ಎಂದು ಕಾಯುತ್ತಿದ್ದ.

"ಇಲ್ಲಪ್ಪ, ಸಾಯ್ತಿರ್ಲಿಲ್ಲ," ಎಂದೆ.

"ಹೂಂ. ಸಾಯ್ತಿರ್ಲಿಲ್ಲ," ಎಂದು ಅಪ್ಪ ಅಳತೊಡಗಿದ.